ಹಲೋ ಮೈಕ್ ಟೆಸ್ಟಿಂಗ್: ರಾಕ್ ಕಾರ್ಯಕ್ರಮಕ್ಕೆ ಎರಡು ದಿನದ ಬೆಂಗಳೂರು

ಶಿವರಾತ್ರಿ ಮುಗಿದು ಯುಗಾದಿ ಬರೋ ನಡುವಿನ ಈ ದಿನಗಳಲ್ಲಿ ನಮ್ಮ ಮೈಕ್‌ಸೆಟ್ ಅಂಗಡಿಗೆ ಪುರುಸೊತ್ತು ಇರಲ್ಲ. ಒಂದು ಕಡೆ ತೇರು, ಇನ್ನೊಂದು ಕಡೆ ಕಾಲೇಜು ವಾರ್ಷಿಕೋತ್ಸವ. ಆದರೂ ಸಂಪಾದಕರು ಕಳಿಸಿದ ಪತ್ರಗಳ ಕಟ್ಟು ಬಿಚ್ಚಿದೆ. ಅರ್ಧಕ್ಕರ್ಧ ಪತ್ರಗಳಲ್ಲಿ ಒಂದೇ ವಿಚಾರ: ಬೆಂಗಳೂರಲ್ಲಿ ರಾಕ್ ಸಂಗೀತ ಕಾರ್ಯಕ್ರಮ ಇದೆ, ಹೋಗಿ ಬರೋದು ಹೇಗೆ, ಹೋದವರು ಊರನ್ನೂ ಒಂದಿಷ್ಟು ನೋಡಬಹುದಾ? ಹಾಗಾಗಿ ಈ ಸಲ ಆಂಪ್ಲಿಫೈಯರ್ ರಿಪೇರಿಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಸ್ಪೀಕರ್ ಗುಂಯ್‌ಗುಡುತ್ತೆ ಅಂತ ಬರೆದ ಮಲೇಬೆನ್ನೂರಿನವರು ಅಷ್ಟರೊಳಗೆ ಅರ್ಥಿಂಗ್ ಒಂದು ಸಲ ನೋಡಿಸಲಿ.

ಪ್ರಶ್ನೆ: ಮಗಳು ಬಿ.ಕಾಂ. ಎರಡನೇ ವರ್ಷ. ಏಪ್ರಿಲ್ ಮೊದಲ ವಾರದ ಶನಿವಾರ ಬೆಂಗಳೂರಿನ ಮಾದಾವರದ ಹತ್ತಿರ ಮೈದಾನದಲ್ಲಿ ರಾಕ್ ಕಾರ್ಯಕ್ರಮ ಅಂತ ಗೆಳತಿ ಜೊತೆ ಸೇರಿ ಟಿಕೆಟ್ ತೆಗೆದುಬಿಟ್ಟಿದ್ದಾಳೆ. ಅವರಪ್ಪ ಬೇಡವೇ ಬೇಡ ಅಂದರು. ನಾನೂ ಒಂದು ಟಿಕೆಟ್ ತಗೊಂಡು ಜೊತೆಗೆ ಹೋಗ್ತೀನಿ ಅಂತ ಒಪ್ಪಿಸಿದ್ದೀನಿ. ಹೇಗೂ ಹೋಗ್ತೀವಲ್ಲ ಅಂತ ಮಗಳು ಲಾಲ್‌ಬಾಗ್, ವಿಧಾನಸೌಧ, ಬನ್ನೇರುಘಟ್ಟ, ಇಸ್ಕಾನ್, ಎರಡು ಮಾಲ್ ಎಲ್ಲ ಸೇರಿಸಿ ಪಟ್ಟಿ ಮಾಡಿದ್ದಾಳೆ. ಎರಡು ದಿನದಲ್ಲಿ ಆಗುತ್ತಾ? ನನಗೆ ಭಯವೂ ಇದೆ.
— ಗೃಹಿಣಿ, ವಿದ್ಯಾನಗರ, ದಾವಣಗೆರೆ

ಆಗಲ್ಲ ಅಕ್ಕಾ. ಮೊದಲು ಬನ್ನೇರುಘಟ್ಟಕ್ಕೆ ಗೆರೆ ಎಳೀರಿ. ಮಾದಾವರ ಇರೋದು ತುಮಕೂರು ರಸ್ತೆ ಕಡೆಯ ತುದಿಗೆ, ಬನ್ನೇರುಘಟ್ಟ ದಕ್ಷಿಣದ ತುದಿಗೆ. ಅಲ್ಲಿ ಹುಲಿ ನೋಡಿಕೊಂಡು ಇಲ್ಲಿ ಗಿಟಾರ್ ಕೇಳಕ್ಕೆ ಬರೋಷ್ಟರಲ್ಲಿ ಗೇಟ್ ಮುಚ್ಚಿರುತ್ತೆ.

ಇಂಥ ಪ್ರಯಾಣದ ಲೆಕ್ಕವನ್ನು ನಾನು ಯಾವಾಗಲೂ ಕೊನೆಯಿಂದ ಹಾಕ್ತೀನಿ. ಕಾರ್ಯಕ್ರಮ ರಾತ್ರಿ ಹತ್ತಕ್ಕೆ ಮುಗಿಯುತ್ತೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬ, ಉತ್ಸವಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಹನ್ನೆರಡರವರೆಗೆ ಸಡಿಲ ಕೊಡಬಹುದು, ಅಷ್ಟೇ. ಗಣಪತಿ ಹಬ್ಬದಲ್ಲಿ ಪೊಲೀಸಿನವರು ನನ್ನ ಮಿಕ್ಸರ್ ಪಕ್ಕ ಬಂದು ವಾಚು ನೋಡ್ತಾ ನಿಲ್ಲೋದೂ ಇದೇ ನಿಯಮಕ್ಕೆ. ಲಂಡನ್ನಿಂದ ಬಂದ ಬ್ಯಾಂಡಿಗೂ ನಮ್ಮ ಓಣಿಯ ಗಣಪತಿಗೂ ಕಾನೂನು ಒಂದೇ. ಅಂದರೆ ಹತ್ತಕ್ಕೆ ಸಾವಿರಾರು ಜನ ಒಟ್ಟಿಗೆ ರಸ್ತೆಗೆ ಬೀಳ್ತಾರೆ. ಆಟೊ ಸಿಗಲ್ಲ. ಮೊಬೈಲಲ್ಲಿ ಟ್ಯಾಕ್ಸಿ ಕರೆದರೆ ಮೂರು ಪಟ್ಟು ರೇಟು ತೋರಿಸುತ್ತೆ, ಅದೂ ನೆಟ್‌ವರ್ಕ್ ಇದ್ದರೆ. ಆ ಹತ್ತು ಗಂಟೆಗೆ ನೀವು ಮೂವರು ಯಾವ ಕಡೆ ನಡೀತೀರಿ, ಎಲ್ಲಿ ಮಲಗ್ತೀರಿ ಅನ್ನೋದು ಮೊದಲು ತೀರ್ಮಾನ ಆಗಲಿ. ಲಾಲ್‌ಬಾಗ್ ಆಮೇಲೆ.

ನಿಮ್ಮ ಅದೃಷ್ಟಕ್ಕೆ ಮಾದಾವರ ನಮ್ಮ ಕಡೆಗೇ ಇದೆ. ನಮ್ಮ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಹಿಡಿದು ಹೊರಟರೆ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು, ನೆಲಮಂಗಲ ದಾಟಿದ ಮೇಲೆ ಬೆಂಗಳೂರು ಒಳಗೆ ಹೋಗೋ ಮೊದಲೇ ಸಿಗೋ ಜಾಗ ಅದು. ಮೆಟ್ರೊ ಹಸಿರು ಮಾರ್ಗ ಮೊದಲು ನಾಗಸಂದ್ರಕ್ಕೆ ನಿಲ್ತಿತ್ತು. 2024ರ ನವೆಂಬರ್‌ನಿಂದ ಮಾದಾವರದವರೆಗೂ ಬರುತ್ತೆ. ಆದ್ದರಿಂದ ಮೆಜೆಸ್ಟಿಕ್‌ಗೆ ಹೋಗೋ ಕೆಲಸವೇ ಇಲ್ಲ. ದಾಸರಹಳ್ಳಿಯಿಂದ ಯಶವಂತಪುರದ ನಡುವೆ, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗೋ ದೂರದಲ್ಲಿ ಒಂದು ಒಳ್ಳೆ ಲಾಡ್ಜ್ ನೋಡಿ ಈಗಲೇ ರೂಮು ಮಾಡಿ. ರೂಮು ಚೆನ್ನಾಗಿರೋದಕ್ಕಿಂತ ನಿಲ್ದಾಣದಿಂದ ಅಲ್ಲಿಗೆ ಹೋಗೋ ರಸ್ತೇಲಿ ರಾತ್ರಿ ಬೆಳಕು, ಅಂಗಡಿ, ಜನ ಇರೋದು ಮುಖ್ಯ.

ಶನಿವಾರ ನಸುಕಿಗೇ ಬಸ್ ಹತ್ತಿ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ನಡುವೆ ಊಟಕ್ಕೆ ನಿಲ್ಲಿಸೋದೂ ಸೇರಿ ಐದು ಗಂಟೆ ಇಟ್ಟುಕೊಳ್ಳಿ. ಮೂವರೂ ಹೆಂಗಸರೇ ಆದ್ದರಿಂದ ಶಕ್ತಿ ಯೋಜನೇಲಿ ಕೆಂಪು ಬಸ್ಸಿಗೆ ದುಡ್ಡು ಕೊಡೋ ಹಾಗಿಲ್ಲ. ಆಧಾರ್ ಕೈಚೀಲದಲ್ಲಿರಲಿ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಅದು ನಡೆಯಲ್ಲ. ಉಳಿದ ದುಡ್ಡನ್ನು ರೂಮಿಗೆ ಹಾಕಿ. ಜಾಲಹಳ್ಳಿ ಕ್ರಾಸಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿಸಿ ಅಂತ ಕಂಡಕ್ಟರ್‌ಗೆ ಹತ್ತುವಾಗಲೇ ಹೇಳಿಡಿ. ರೈಲೇ ಬೇಕು ಅಂದರೆ ವಂದೇ ಭಾರತ್, ಜನಶತಾಬ್ದಿ ನಮ್ಮೂರ ಮೇಲೇ ಹೋಗ್ತವೆ. ಯಶವಂತಪುರದಲ್ಲಿ ಇಳಿದರೆ ಮೆಟ್ರೊ ಪಕ್ಕದಲ್ಲೇ.

ಮಧ್ಯಾಹ್ನ ಏನು ಮಾಡೋದು? ಮಲಗಿ. ಮಗಳಿಗೆ ಸಿಟ್ಟು ಬರುತ್ತೆ, ಬರಲಿ. ನಾಲ್ಕಕ್ಕೆ ಮೈದಾನಕ್ಕೆ ಹೋದರೆ ಹತ್ತರವರೆಗೆ ಕಾಲ ಮೇಲೇ ಇರಬೇಕು. ಏಪ್ರಿಲ್ ಬಿಸಿಲಲ್ಲಿ ಬೆಳಗಿನಿಂದ ಮಾಲ್ ಸುತ್ತಿ ಬಂದ ಹುಡುಗರು ಮುಖ್ಯ ಬ್ಯಾಂಡು ವೇದಿಕೆಗೆ ಬರೋ ಹೊತ್ತಿಗೆ ನೆಲಕ್ಕೆ ಕೂತಿರೋದನ್ನ ನಾನು ನೋಡಿದ್ದೀನಿ. ಟಿಕೆಟ್ಟಿಗೆ ಸಾವಿರಗಟ್ಟಲೆ ಕೊಟ್ಟು ಆಮೇಲೆ ಕಣ್ಣು ಎಳೀತಾ ಕೇಳೋದ್ಯಾಕೆ? ಆ ದಿನದ ಕೆಲಸ ಅದೊಂದೇ. ಹೊಟ್ಟೆ ತುಂಬ ಊಟ ಮಾಡಿ ಹೋಗಿ. ಒಳಗೆ ಒಂದು ಪ್ಲೇಟ್ ಏನು ಕೇಳಿದರೂ ನಮ್ಮ ಮಂಡಕ್ಕಿ ಮಿರ್ಚಿಯ ಹತ್ತು ಪಟ್ಟು. ಅದು ರೇವತಿ ಮಳೆಯ ಕಾಲ, ಸಂಜೆ ಗುಡುಗಿ ಸುರಿದರೆ ಆಶ್ಚರ್ಯ ಇಲ್ಲ. ಕೊಡೆಯನ್ನ ಸಾಮಾನ್ಯವಾಗಿ ಗೇಟಲ್ಲಿ ಬಿಡಲ್ಲ, ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಮಡಚಿ ಇಟ್ಟುಕೊಳ್ಳಿ. ಚಪ್ಪಲಿ ಬೇಡ, ಶೂ. ಕತ್ತಲಲ್ಲಿ ಯಾರದ್ದಾದರೂ ಬೂಟು ನಿಮ್ಮ ಹೆಬ್ಬೆರಳ ಮೇಲೆ ಬಂದೇ ಬರುತ್ತೆ.

ಭಯದ ಮಾತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತಕ್ಕೆ 11 ಜನ ಸತ್ತರು. ಅವರಪ್ಪ ಬೇಡ ಅಂದಿದ್ದು ಅದನ್ನ ನೆನೆದೇ ಇರಬೇಕು, ಅವರನ್ನ ಬಯ್ಯಬೇಡಿ. ಟಿಕೆಟ್ ಇಟ್ಟು ಎಷ್ಟು ಜನ ಅಂತ ಲೆಕ್ಕ ಇರೋ ಕಾರ್ಯಕ್ರಮಕ್ಕೂ ಲೆಕ್ಕವೇ ಇಲ್ಲದೆ ಗೇಟಿಗೆ ನುಗ್ಗಿದ ಜನಕ್ಕೂ ವ್ಯತ್ಯಾಸ ಇದೆ. ಆದರೂ ಒಂದು ಚದರ ಮೀಟರ್ ಜಾಗದಲ್ಲಿ ಐದು ಜನ ಮೀರಿದರೆ ಗುಂಪು ತಾನೇ ಅಲೆಯೋಕೆ ಶುರು ಮಾಡುತ್ತೆ, ಆಗ ನಿಮ್ಮ ಕಾಲು ನಿಮ್ಮ ಮಾತು ಕೇಳಲ್ಲ. ಎರಡೂ ಭುಜಕ್ಕೆ ಬೇರೆಯವರು ತಾಗ್ತಿದ್ದಾರೆ, ತಿರುಗೋಕೆ ಆಗ್ತಿಲ್ಲ ಅಂದ ತಕ್ಷಣ ಹಾಡು ಎಷ್ಟೇ ಚೆನ್ನಾಗಿರಲಿ, ಹೊರಗೆ ಬನ್ನಿ. ನೇರ ಹಿಂದಕ್ಕೆ ತಳ್ಳಬೇಡಿ, ಓರೆಯಾಗಿ ಬದಿಗೆ ಸರೀತಾ ಬನ್ನಿ, ಕೈ ಎರಡೂ ಎದೆ ಮುಂದೆ ಇರಲಿ, ಉಸಿರಾಡಕ್ಕೆ ಜಾಗ ಬೇಕು. ಒಳಗೆ ಹೋದ ತಕ್ಷಣ ಒಂದು ಗುರುತಿನ ಜಾಗ ಮಾಡಿಕೊಳ್ಳಿ, ಲೈಟಿನ ಕಂಬವೋ ನೀರಿನ ಕೌಂಟರೋ. ಮೂವರಲ್ಲಿ ಯಾರು ತಪ್ಪಿಸಿಕೊಂಡರೂ ಫೋನ್ ಮಾಡ್ತಾ ಅಲೆಯೋದು ಬೇಡ, ಅಲ್ಲಿಗೆ ಬಂದು ನಿಲ್ಲಬೇಕು. ಮೆಟ್ರೊ ವಾಪಸ್ ಟಿಕೆಟ್ ಮೊದಲೇ ತೆಗೆದಿಡಿ. ಕೊನೆಯ ರೈಲು ಹನ್ನೊಂದರ ಸುಮಾರಿಗೆ ಇರುತ್ತೆ, ದೊಡ್ಡ ಕಾರ್ಯಕ್ರಮದ ದಿನ ಕೆಲವೊಮ್ಮೆ ತಡವಾಗಿಯೂ ಓಡಿಸ್ತಾರೆ. ಆ ವಾರದ ಪ್ರಕಟಣೆ ನೋಡಿಕೊಳ್ಳಿ.

ಭಾನುವಾರ ಬೆಳಿಗ್ಗೆ ತಡವಾಗಿ ಏಳಿ. ಅದೇ ಹಸಿರು ಮಾರ್ಗದಲ್ಲಿ ಕೂತರೆ ರೈಲು ಬದಲಿಸದೆ ಲಾಲ್‌ಬಾಗ್ ನಿಲ್ದಾಣಕ್ಕೇ ಹೋಗಿ ಇಳೀಬಹುದು. ಹೈದರಾಲಿ ಕಾಲದ ತೋಟ, ಗಾಜಿನ ಮನೆ 1889ರದ್ದು. ನಮ್ಮೂರ ಗಾಜಿನ ಮನೆ ನೋಡಿದವರು ಇದರ ಹತ್ತಿರ ನಿಂತು ಅಳತೆ ಹೋಲಿಸಿಯೇ ಹೋಲಿಸ್ತಾರೆ, ಹೋಲಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಬೆಂಗಳೂರಿನ ಮರಗಳು ಎಲೆಗಿಂತ ಹೂವನ್ನೇ ಜಾಸ್ತಿ ಹೊತ್ತಿರ್ತವೆ. ಗುಲಾಬಿ ಬಣ್ಣದ ಟಬೂಬಿಯಾ ಮುಗೀತಾ ಬಂದಿರುತ್ತೆ, ನೇರಳೆ ಬಣ್ಣದ ಜಕರಂಡ ಇರುತ್ತೆ. ರಸ್ತೆ ಬದಿಯ ಆ ಹೂವು ನೋಡೋಕೆ ಟಿಕೆಟ್ಟೂ ಇಲ್ಲ, ಸಾಲೂ ಇಲ್ಲ. ಅಲ್ಲಿಂದ ಗಾಂಧಿಬಜಾರಿಗೆ ಹೋಗಿ 1943ರಿಂದ ನಡೀತಿರೋ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನಿ. ಬೆಣ್ಣೆದೋಸೆ ಊರಿನವರು ಅಲ್ಲಿ ಕೂತು ಜೋರಾಗಿ ತೀರ್ಪು ಕೊಡೋದು ಮಾತ್ರ ಬೇಡ. ಭಾನುವಾರ ಹೊರಗೆ ನಿಂತು ಕಾಯೋರೇ ಅಷ್ಟು ಜನ ಇರ್ತಾರೆ.

ಮಗಳಿಗೆ ಸಂಗೀತದ ಹುಚ್ಚು ಅಂತೀರಲ್ಲ, ಲಾಲ್‌ಬಾಗ್ ಬಿಟ್ಟು ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯಕ್ಕೆ ಹೋದರೂ ಸರಿಯೇ. 2019ರಲ್ಲಿ ಶುರುವಾಗಿದ್ದು. ಹಳೇ ಗ್ರಾಮಫೋನಿನಿಂದ ಇವತ್ತಿನ ಬ್ಯಾಂಡಿನವರೆಗೆ ಇದೆ, ನಾವೇ ಬಾರಿಸಿ ನೋಡೋ ವಾದ್ಯಗಳೂ ಇವೆ. ಎರಡರಲ್ಲಿ ಒಂದು ಮಾತ್ರ ನೋಡಿ. ಮಧ್ಯಾಹ್ನ ಊಟ, ಸಂಜೆ ಬಸ್ಸು, ರಾತ್ರಿಗೆ ಮನೆ. ವಿಧಾನಸೌಧ ಎಲ್ಲೂ ಹೋಗಲ್ಲ.

ಪ್ರಶ್ನೆ: ವೇದಿಕೆ ಮುಂದಿನ ಫ್ಯಾನ್ ಪಿಟ್‌ಗೆ ಸಾಮಾನ್ಯ ಟಿಕೆಟ್ಟಿನ ಮೂರು ಪಟ್ಟು ಕೇಳ್ತಿದ್ದಾರೆ. ಸೌಂಡ್ ಮುಂದೆ ಚೆನ್ನಾಗಿರುತ್ತಲ್ವಾ ಸಾರ್? ಸಾಲ ಮಾಡಿಯಾದರೂ ತಗೊಳ್ಳಲಾ?
— ಡಿಪ್ಲೊಮಾ ವಿದ್ಯಾರ್ಥಿ, ಹರಿಹರ

ತಮ್ಮಾ, ಸಾಲ ಮಾಡಬೇಡ. ಮುಂದೆ ನಿಂತರೆ ಹಾಡುವವನ ಬೆವರು ಕಾಣುತ್ತೆ, ಸೌಂಡ್ ಚೆನ್ನಾಗಿರಲ್ಲ. ಮೂವತ್ತು ವರ್ಷ ಬಾಕ್ಸ್ ಹೊತ್ತವನ ಮಾತು ಇದು.

ಮೈದಾನದ ಮಧ್ಯದಲ್ಲಿ ವೇದಿಕೆಗೆ ಎದುರಾಗಿ ಒಂದು ಚಪ್ಪರ ಹಾಕಿರ್ತಾರೆ, ಸುತ್ತ ಬೇಲಿ, ಒಳಗೆ ಮಿಕ್ಸರ್ ಇಟ್ಟುಕೊಂಡು ಎರಡು ಮೂರು ಜನ. ಇಡೀ ಕಾರ್ಯಕ್ರಮದ ಸದ್ದನ್ನ ಹದ ಮಾಡೋನು ಅಲ್ಲೇ ನಿಂತು, ತನ್ನ ಕಿವಿಗೆ ಕೇಳಿದ್ದನ್ನ ನೋಡಿ ಹದ ಮಾಡ್ತಾನೆ. ಆ ಬೇಲಿಗೆ ಬೆನ್ನು ಕೊಟ್ಟು ನಿಂತರೆ ಅವನಿಗೆ ಕೇಳಿಸೋದೇ ನಿನಗೂ ಕೇಳಿಸುತ್ತೆ. ಸಾಮಾನ್ಯ ಟಿಕೆಟ್ಟಿಗೆ ಎಷ್ಟೋ ಸಲ ಅಲ್ಲಿವರೆಗೆ ಬಿಡ್ತಾರೆ. ಬೆನ್ನಿಗೆ ಬೇಲಿ ಇರೋದರಿಂದ ಹಿಂದಿನಿಂದ ಯಾರೂ ತಳ್ಳಲ್ಲ, ಅದೊಂದು ಲಾಭ ಬೇರೆ. ತೀರಾ ಮುಂದೆ ನಿಂತರೆ ಏನಾಗುತ್ತೆ ಅಂದರೆ, ಮೇಲೆ ತೂಗುಹಾಕಿರೋ ಸ್ಪೀಕರ್ ಸಾಲು ನಿನ್ನ ತಲೆ ಮೇಲಿಂದ ಹಿಂದಿನವರಿಗೆ ಕಳಿಸ್ತಿರುತ್ತೆ, ನೆಲದ ಮೇಲಿನ ಬೇಸ್ ಬಾಕ್ಸ್ ಮಾತ್ರ ನಿನ್ನ ಹೊಟ್ಟೆಗೆ ಗುದ್ದುತ್ತಿರುತ್ತೆ. ಮುಂದಿನವರಿಗೆ ಅಂತ ಚಿಕ್ಕ ಬಾಕ್ಸ್ ಇಡ್ತಾರೆ, ಆದರೂ ಹಾಡಿನ ಪದ ಸರಿಯಾಗಿ ಸಿಗಲ್ಲ.

ತೀರಾ ಹಿಂದೆ ಹೋದರೆ ಬೇರೆ ತಮಾಷೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತೆ. ನೂರು ಮೀಟರ್ ಹಿಂದೆ ನಿಂತರೆ ಡ್ರಮ್ಮಿನ ಏಟು ಕಣ್ಣಿಗೆ ಮೊದಲು, ಕಿವಿಗೆ ಸೆಕೆಂಡಿನ ಮೂರನೇ ಒಂದು ಭಾಗ ತಡವಾಗಿ. ಅದಕ್ಕೇ ಮೈದಾನದ ಮಧ್ಯದಲ್ಲಿ ಇನ್ನೆರಡು ಗೋಪುರ ನಿಲ್ಲಿಸಿ, ಅದರ ಸ್ಪೀಕರಿಗೆ ಬೇಕೆಂದೇ ಅಷ್ಟು ತಡ ಮಾಡಿ ಸದ್ದು ಬಿಡ್ತಾರೆ. ಇಲ್ಲದಿದ್ದರೆ ಒಂದೇ ಪದ ಎರಡು ಸಲ ಕೇಳುತ್ತೆ. ನಮ್ಮ ಜಾತ್ರೆಗಳಲ್ಲಿ ಬೀದಿಯುದ್ದಕ್ಕೂ ಕಾಲಂ ಸ್ಪೀಕರ್ ಕಟ್ಟಿ, ಭಾಷಣ ಯಾವ ಭಾಷೆಯಲ್ಲಿದೆ ಅಂತ ತಿಳಿಯದ ಹಾಗೆ ಆಗೋದು ಇದನ್ನ ಮಾಡದೆ ಇದ್ದದ್ದಕ್ಕೆ.

ಹುಡುಗರು ಮುಂದೆ ಹೋಗೋದು ಸೌಂಡಿಗಲ್ಲ, ಕುಣಿಯೋದಕ್ಕೆ, ನನಗೂ ಗೊತ್ತು. ಅದಕ್ಕೇ ಹೋಗೋದಾದರೆ ಹೋಗು, ಸ್ವಂತ ದುಡ್ಡಲ್ಲಿ.

ಪ್ರಶ್ನೆ: ನನಗೀಗ 61. ಕಾಲೇಜು ದಿನಗಳಿಂದ ಕ್ಯಾಸೆಟ್‌ನಲ್ಲಿ ರಾಕ್ ಕೇಳ್ತಾ ಬಂದವನು. ನೇರವಾಗಿ ಒಂದೂ ಕಾರ್ಯಕ್ರಮ ನೋಡಿಲ್ಲ. ಮನೆಯಲ್ಲಿ ಯಾರಿಗೂ ಆಸಕ್ತಿ ಇಲ್ಲ, ಒಬ್ಬನೇ ಹೋಗಬೇಕು. ಹುಡುಗರ ನಡುವೆ ನಗೆಪಾಟಲಾಗ್ತೀನಾ? ಇಲ್ಲಿಂದ ರೈಲು ಸರಿಯೋ, ಬಸ್ಸೋ?
— ನಿವೃತ್ತ ಉಪನ್ಯಾಸಕರು, ಚಿತ್ರದುರ್ಗ

ಮೇಷ್ಟ್ರೇ, ನಮಸ್ಕಾರ. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ವೇದಿಕೆ ತುಂಬ ಓಡಾಡಿದ ಮಿಕ್ ಜಾಗರ್‌ಗೆ 59. ಹಿಂದೆ ಕೂತು ಡ್ರಮ್ಸ್ ಬಾರಿಸಿದ ಚಾರ್ಲಿ ವಾಟ್ಸ್‌ಗೆ ನಿಮ್ಮದೇ ವಯಸ್ಸು, 61. ಅವರು ಬಾರಿಸಬಹುದಾದರೆ ನೀವು ಕೇಳಬಹುದು. ನಗೋರು ಯಾರೂ ಇಲ್ಲ, ಅವರಿಗೆ ನಿಮ್ಮ ಕಡೆ ನೋಡೋಕೂ ಪುರುಸೊತ್ತಿರಲ್ಲ.

ನಾನು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸ್ತಿದ್ದೆ. 2007ರ ಮಾರ್ಚ್ 17, ಶನಿವಾರ, ಐರನ್ ಮೇಡನ್ ಬ್ಯಾಂಡು ಅದೇ ಅರಮನೆ ಮೈದಾನಕ್ಕೆ ಬಂದಾಗ ಅವರ ಬೇಸ್ ವಾದಕ ಸ್ಟೀವ್ ಹ್ಯಾರಿಸ್‌ನ ಬೆರಳು ನೋಡಬೇಕು ಅಂತಲೇ ಹೋದೆ. ಆತ ಪಿಕ್ (ತಂತಿ ಮೀಟೋ ಬಿಲ್ಲೆ) ಹಿಡಿಯಲ್ಲ, ಬೆರಳಲ್ಲೇ ಆ ವೇಗ. ಬೆರಳು ಕಾಣಲಿಲ್ಲ, ಧೂಳು ಕಂಡಿತು. ಆದರೆ ಮೂರು ಗಿಟಾರಿನ ಗದ್ದಲದ ಕೆಳಗೆ ಆ ಬೇಸ್ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಿಸ್ತಿತ್ತು. ಊರಿಗೆ ಬಂದು ನಾನು ಮೊದಲು ಮಾಡಿದ ಕೆಲಸ ನಮ್ಮ ಆರ್ಕೆಸ್ಟ್ರಾದ ಎಕೋ ಕಡಿಮೆ ಮಾಡಿದ್ದು. ಗಾಯಕರು ಇವತ್ತಿಗೂ ಅದನ್ನ ಕ್ಷಮಿಸಿಲ್ಲ. ಆವತ್ತು ನನ್ನ ಪಕ್ಕ ಈಶಾನ್ಯದ ಕಡೆಯಿಂದ ದಿನಗಟ್ಟಲೆ ರೈಲಿನಲ್ಲಿ ಬಂದಿದ್ದ ಹುಡುಗರಿದ್ದರು. ಅವರ ಪಕ್ಕ ನಿಮ್ಮ ವಯಸ್ಸಿನ ಒಬ್ಬರು, ಕೈಯಲ್ಲಿ ಬಟ್ಟೆ ಚೀಲ, ಎಲ್ಲ ಹಾಡಿನ ಪದವೂ ಬಾಯಲ್ಲಿ. ಹುಡುಗರೇ ಅವರಿಗೆ ಜಾಗ ಬಿಟ್ಟು ಮುಂದೆ ನಿಲ್ಲಿಸಿದರು.

ರೈಲು ಬೇಡ. ಚಿತ್ರದುರ್ಗ ಇರೋದು ಚಿಕ್ಕಜಾಜೂರಿಂದ ರಾಯದುರ್ಗದ ಕಡೆ ಹೋಗೋ ಕವಲು ದಾರಿಯಲ್ಲಿ, ಬೆಂಗಳೂರು ಹುಬ್ಬಳ್ಳಿ ಮುಖ್ಯ ಮಾರ್ಗದಲ್ಲಿ ಅಲ್ಲ. ತುಮಕೂರಿಂದ ನೇರ ಹಳಿ ಹಾಕೋ ಕೆಲಸ ನಡೀತಾ ಇದೆ, ಅದು ಮುಗಿಯೋವರೆಗೆ ಬಸ್ಸೇ ಲೇಸು. ಸುಮಾರು 200 ಕಿ.ಮೀ., ನಾಲ್ಕು ಗಂಟೆ. ಕೂರೋ ಟಿಕೆಟ್ ಇದ್ದರೆ ಅದನ್ನೇ ತಗೊಳ್ಳಿ. ಇಲ್ಲದಿದ್ದರೆ ಪಕ್ಕದ ಬೇಲಿಗೆ ಹತ್ತಿರ, ಶೌಚಾಲಯಕ್ಕೆ ಹೋಗೋ ದಾರಿ ಕಾಣೋ ಹಾಗೆ ನಿಲ್ಲಿ. ಬಿ.ಪಿ. ಮಾತ್ರೆ ಇದ್ದರೆ ಡಾಕ್ಟರ ಚೀಟಿ ಸಮೇತ ಜೇಬಲ್ಲಿರಲಿ, ಗೇಟಲ್ಲಿ ಕೇಳ್ತಾರೆ. ಅವತ್ತೇ ರಾತ್ರಿ ವಾಪಸ್ ಬರಬೇಡಿ. ಕಾರ್ಯಕ್ರಮ ಮುಗಿದ ಮೇಲೆ ಆ ಗುಂಗಲ್ಲಿ ಎರಡು ಗಂಟೆ ನಿದ್ದೆ ಬರಲ್ಲ, ಅದನ್ನ ಬಸ್ಸಿನ ಸೀಟಲ್ಲಿ ಕಳೆಯೋದ್ಯಾಕೆ? ಮರುದಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಿಗೆ ಹೋಗಿ, ಕಬ್ಬನ್ ಪಾರ್ಕಲ್ಲಿ ಕೂತು ಬನ್ನಿ. ಎರಡಕ್ಕೂ ಎಂ.ಜಿ. ರಸ್ತೆ ಮೆಟ್ರೊ ಹತ್ತಿರ.

ಪ್ರಶ್ನೆ: ರಾಕ್ ಅಂದರೆ ಬರೀ ಕಿರುಚಾಟ. ಇದಕ್ಕೆ ನಮ್ಮ ಪತ್ರಿಕೆಯಲ್ಲಿ ಜಾಗ ಯಾಕೆ?
— ಹಿರಿಯ ಓದುಗರು, ಜಗಳೂರು

ಸ್ವಾಮಿ, ಕೆಲವರು ಕಿರುಚ್ತಾರೆ, ನಿಜ. ದುಗ್ಗಮ್ಮನ ಜಾತ್ರೇಲಿ ಡೊಳ್ಳಿನವರು ಸಾಲಾಗಿ ನಿಂತು ಬಡಿದಾಗ ಕಿವಿಗಿಂತ ಮೊದಲು ಎದೆಗೆ ತಾಗುತ್ತಲ್ಲ, ಆಗ ನೀವು ಎದ್ದು ಮನೆಗೆ ಹೋಗ್ತೀರಾ? ಇದೂ ಹಾಗೆ ಮೈಗೆ ಕೇಳಿಸೋ ಸಂಗೀತ. ಇನ್ನೊಂದು ಮಾತು. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಶಿಶುನಾಳ ಷರೀಫರ ತತ್ವಪದಗಳನ್ನ ರಘು ದೀಕ್ಷಿತ್ ಗಿಟಾರು, ಡ್ರಮ್ಸ್ ಇಟ್ಟುಕೊಂಡು ಹಾಡಿ, 2008ರ ತಮ್ಮ ಮೊದಲ ಆಲ್ಬಮ್ಮಲ್ಲೇ ಸೇರಿಸಿದರು. ಕನ್ನಡ ಬಾರದ ಹುಡುಗರೂ ಷರೀಫರ ಪದ ಗುನುಗೋದನ್ನ ನಾನು ಕೇಳಿದ್ದೀನಿ. ಒಂದು ಸಲ ಕೇಳಿ ನೋಡಿ, ಆಮೇಲೂ ಬಯ್ಯೋದಿದ್ದರೆ ಪತ್ರ ಬರೀರಿ.

ಪ್ರಶ್ನೆ: ಆರು ವರ್ಷದ ಮಗನನ್ನೂ ಕರ್ಕೊಂಡು ಹೋಗೋಣ ಅಂತಾರೆ ನಮ್ಮ ಯಜಮಾನರು. ಕಿವಿಗೆ ಹತ್ತಿ ಇಟ್ಟರೆ ಸಾಕಲ್ವಾ?
— ಶಿಕ್ಷಕಿ, ಹೊಳಲ್ಕೆರೆ

ಸಾಲದು ತಾಯಿ. ದಾವಣಗೆರೆಯವರಾದ ನಾವೇ ಹತ್ತಿಯ ಮಿಲ್ಲಿನ ನೆರಳಲ್ಲಿ ಬೆಳೆದವರು, ನಮಗೂ ಕಿವಿನೋವಿಗೆಲ್ಲ ಹತ್ತಿಯೇ. ಆದರೆ ಹತ್ತಿಯಲ್ಲಿ ಸಂದು ಜಾಸ್ತಿ, ಅದು ಸದ್ದು ತಡೆಯೋದು ತೀರಾ ಕಡಿಮೆ.

ಲೆಕ್ಕ ಹೀಗಿದೆ. 85 ಡೆಸಿಬಲ್ ಸದ್ದನ್ನ ದಿನಕ್ಕೆ ಎಂಟು ಗಂಟೆ ತಡೀಬಹುದು ಅಂತ ಕಾರ್ಖಾನೆ ಕೆಲಸಗಾರರಿಗೆ ಒಂದು ಮಿತಿ ಇಟ್ಟಿದ್ದಾರೆ. ಅಲ್ಲಿಂದ ಮೂರು ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧಕ್ಕೆ ಇಳಿಯುತ್ತೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಹೀಗೇ ಹೋದರೆ 100ಕ್ಕೆ ಬರೋ ಹೊತ್ತಿಗೆ ಹದಿನೈದೇ ನಿಮಿಷ. ಇದು ದೊಡ್ಡವರ ಕಿವಿಗೆ. ಸಂಗೀತ ಕಾರ್ಯಕ್ರಮದಲ್ಲಿ ಸದ್ದಿನ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ರಾಕ್ ಕಾರ್ಯಕ್ರಮ ಆ ಅಂಚಿನಲ್ಲೇ ನಡೆಯೋದು, ಅದೂ ಎರಡು ಗಂಟೆ. ನನ್ನ ಎಡಗಿವಿಯಲ್ಲಿ ರಾತ್ರಿ ಮಲಗಿದಾಗ ಸಣ್ಣಗೆ ಒಂದು ಸೀಟಿ ಊದ್ತಾನೇ ಇರುತ್ತೆ, ಡಾಕ್ಟರು ಅದಕ್ಕೆ ಔಷಧಿ ಇಲ್ಲ ಅಂದಿದ್ದಾರೆ. ನಮ್ಮ ಕಸುಬಿನಲ್ಲಿ ಅದಿಲ್ಲದವರು ಕಡಿಮೆ.

ದೊಡ್ಡವರಿಗೆ ಮೆಡಿಕಲ್ ಸ್ಟೋರಿನಲ್ಲಿ ಸಿಗೋ ಫೋಮಿನ ಇಯರ್‌ಪ್ಲಗ್ ಸಾಕು. ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನ ಮೇಲಕ್ಕೆ ಎಳೆದು ಒಳಗೆ ಇಟ್ಟು, ಅದು ಹಿಗ್ಗೋವರೆಗೆ ಒತ್ತಿ ಹಿಡೀಬೇಕು. ಸುಮ್ಮನೆ ಬಾಗಿಲಿಗೆ ಸಿಕ್ಕಿಸಿಕೊಂಡರೆ ಅಲಂಕಾರ ಅಷ್ಟೇ. ಮಗುವಿಗೆ ಕಿವಿ ಪೂರ್ತಿ ಮುಚ್ಚೋ ಇಯರ್‌ಮಫ್ ಬೇಕು, ಮಕ್ಕಳ ಅಳತೆಯದೇ ಸಿಗುತ್ತೆ. ಅದಕ್ಕೂ ಮೊದಲು ಟಿಕೆಟ್ಟಿನ ಷರತ್ತು ಓದಿ, ವಯಸ್ಸಿನ ಮಿತಿ ಇದ್ದರೆ ಗೇಟಿಂದಲೇ ವಾಪಸ್ ಕಳಿಸ್ತಾರೆ. ನನ್ನನ್ನ ಕೇಳಿದರೆ ಈ ಸಲ ಮಗ ಅಜ್ಜಿ ಮನೇಲಿರಲಿ. ಆರು ವರ್ಷದವನಿಗೆ ಅಲ್ಲಿ ಕಾಣೋದು ದೊಡ್ಡವರ ಬೆನ್ನು ಮಾತ್ರ.

ಪ್ರಶ್ನೆ: ಟಿಕೆಟ್ ಖಾಲಿ. ಇನ್‌ಸ್ಟಾಗ್ರಾಮಲ್ಲಿ ಒಬ್ಬರು ಎರಡು ಟಿಕೆಟ್ ಇದೆ, ದುಡ್ಡು ಹಾಕಿದರೆ ಕ್ಯುಆರ್ ಕೋಡಿನ ಫೋಟೊ ಕಳಿಸ್ತೀನಿ ಅಂತಿದ್ದಾರೆ. ನಂಬಬಹುದಾ?
— ಹೆಸರು ಬೇಡ, ಪಿ.ಜೆ. ಬಡಾವಣೆ

ಬೇಡ. ಅದೇ ಫೋಟೊ ಇನ್ನೆಷ್ಟು ಜನಕ್ಕೆ ಹೋಗಿದೆಯೋ! ಗೇಟಲ್ಲಿ ಮೊದಲು ಸ್ಕ್ಯಾನ್ ಆದವನು ಒಳಗೆ, ಉಳಿದವರು ಹೊರಗೆ. ಟಿಕೆಟ್ ಮಾರಿದ ಆ್ಯಪ್‌ನಲ್ಲೇ ಒಬ್ಬರ ಹೆಸರಿಂದ ಇನ್ನೊಬ್ಬರಿಗೆ ವರ್ಗಾವಣೆ ಮಾಡೋ ಅವಕಾಶ ಇದ್ದರೆ ಮಾತ್ರ ವ್ಯವಹಾರ. ಮತ್ತೆ, ಖಾಲಿ ಆಯ್ತು ಅಂದ ಟಿಕೆಟ್ ಕಾರ್ಯಕ್ರಮದ ವಾರ ಸ್ವಲ್ಪ ಬಿಡೋದುಂಟು. ವೇದಿಕೆ ಕಟ್ಟಿದ ಮೇಲೇ ಎಲ್ಲಿಂದ ಕಾಣುತ್ತೆ, ಎಲ್ಲಿಂದ ಕಾಣಲ್ಲ ಅನ್ನೋದು ಅವರಿಗೂ ತಿಳಿಯೋದು. ಆ್ಯಪ್ ನೋಡ್ತಾ ಇರಿ.

ಪ್ರಶ್ನೆ: ನಾವೇ ಯಾಕೆ ಬೆಂಗಳೂರಿಗೆ ಹೋಗಬೇಕು? ಇಂಥ ಕಾರ್ಯಕ್ರಮ ದಾವಣಗೆರೆಗೆ ಯಾಕೆ ಬರಲ್ಲ? ಹೈಸ್ಕೂಲ್ ಮೈದಾನ ಇದೆಯಲ್ಲ.
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ

ಮೈದಾನ ಇದೆ, ಒಪ್ಪಿದೆ. ಹೊರದೇಶದ ಬ್ಯಾಂಡು ಬರುವಾಗ ಜನ ಮಾತ್ರ ಬರಲ್ಲ, ಟನ್‌ಗಟ್ಟಲೆ ಸಾಮಾನು ವಿಮಾನದಲ್ಲಿ ಬರುತ್ತೆ. ವೇದಿಕೆಯ ಕಬ್ಬಿಣ, ಸ್ಪೀಕರ್, ಲೈಟು ಲಾರಿಗಳಲ್ಲಿ ಬರುತ್ತೆ. ಕಟ್ಟೋಕೆ ನಾಲ್ಕೈದು ದಿನ. ವಿಮಾನ ಇಳಿಯೋ ಊರಿನ ಹತ್ತಿರ ಒಂದು ರಾತ್ರಿಗೆ ಮೂವತ್ತು ನಲವತ್ತು ಸಾವಿರ ಟಿಕೆಟ್ ಮಾರೋಕೆ ಆಗಬೇಕು, ಇಲ್ಲಾಂದ್ರೆ ಖರ್ಚು ಹುಟ್ಟಲ್ಲ. ಇಡೀ ದೇಶದಲ್ಲಿ ಅವರು ಒಂದೋ ಎರಡೋ ಊರು ಮಾಡಿ ಹೊರಡೋದು ಅದಕ್ಕೇ. 2011ರ ಅಕ್ಟೋಬರಲ್ಲಿ ಮೆಟಾಲಿಕಾ ಬಂದಾಗ ಗುರುಗ್ರಾಮದ ಕಾರ್ಯಕ್ರಮ ರದ್ದಾಗಿ, ಎರಡು ದಿನದ ಮೇಲೆ ಬೆಂಗಳೂರಿನದು ಒಂದೇ ಆಯ್ತು. ಅಷ್ಟು ದೊಡ್ಡ ಊರಿಗೇ ಆ ಗತಿ.

ನಮ್ಮ ಕನ್ನಡದ ಬ್ಯಾಂಡುಗಳ ಮಾತು ಬೇರೆ. ಅವರು ಒಂದು ಟೆಂಪೊ ಟ್ರಾವೆಲರಲ್ಲಿ ವಾದ್ಯ ಸಮೇತ ಬರ್ತಾರೆ, ಪಿ.ಬಿ. ರಸ್ತೆಯ ಯಾವುದೋ ಹೋಟೆಲಲ್ಲಿ ಬೆಣ್ಣೆದೋಸೆ ತಿಂದು ಖುಷಿಪಡ್ತಾರೆ. ಕಾಲೇಜು ಸಂಘದವರು ಮನಸ್ಸು ಮಾಡಬೇಕು. ಡಿ.ಜೆ.ಗೆ ಹಾಕೋ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಒಂದು ಬ್ಯಾಂಡು ಬರುತ್ತೆ. ಸೌಂಡ್ ನನ್ನ ಜವಾಬ್ದಾರಿ. ನನ್ನದು ಎರಡು ಷರತ್ತು: ಜನರೇಟರ್ ಎರಡು ಇರಬೇಕು, ಒಂದು ಕೈಕೊಟ್ಟರೆ ಇನ್ನೊಂದು. ಮತ್ತೆ ವೇದಿಕೆ ಮುಂದೆ ಗಣ್ಯರಿಗೆ ಅಂತ ಹಾಕ್ತೀರಲ್ಲ, ಬಿಳೀ ಬಟ್ಟೆ ಹೊದಿಸಿದ ಸೋಫಾ, ಅದು ಇರಕೂಡದು. ಪ್ರಿನ್ಸಿಪಾಲರು ಅದಕ್ಕೆ ಒಪ್ಪಿದ ದಿನ ನನಗೆ ಫೋನ್ ಮಾಡಿ, ಬಾಡಿಗೆ ಆಮೇಲೆ ಮಾತಾಡೋಣ.